ಹಳೇ ಚಿಕ್ಕ ಕ್ವಾಡ್ ಬೈಕಿಗೆ ಬೋರ್, ಪಿಸ್ಟನ್ ಹುಡುಕೋದು ಹೇಗೆ?

ಕೆಸರುಗಾಲಿ:

ನಮಸ್ಕಾರ. ಮಗಳಿಗೆ ಅಂತ ಸೆಕೆಂಡ್ ಹ್ಯಾಂಡ್ ತಗೊಂಡ ಸಣ್ಣ ಕ್ವಾಡ್ ಬೈಕ್ (ನಾಲ್ಕು ಗಾಲಿಯದು) ಇದೆ. ಮಕ್ಕಳ ಸೈಜಿನದು, ಪಕ್ಕದಲ್ಲಿ 110 ಅಂತ ಬರೆದಿದೆ. ಪ್ಲಾಸ್ಟಿಕ್ ಎಲ್ಲ ಬಿಸಿಲಿಗೆ ಬೆಳ್ಳಗಾಗಿದೆ. ಸ್ಟಿಕ್ಕರಿನಲ್ಲಿ ಕಂಪನಿ ಹೆಸರು ಅರ್ಧ ಮಾತ್ರ ಉಳಿದಿದೆ. ಆ ಅರ್ಧ ಹೆಸರು ಹಾಕಿ ಹುಡುಕಿದರೆ ವಾಟರ್ ಹೀಟರ್ ಬರುತ್ತೆ, ಕ್ವಾಡ್ ಬರಲ್ಲ.

ತೊಂದರೆ ಏನಂದ್ರೆ, ಸ್ಟಾರ್ಟ್ ಆಗೋಕೆ ಸತಾಯಿಸುತ್ತೆ. ಆದಮೇಲೆ ಎಕ್ಸಲರೇಟರ್ ಕೊಟ್ಟರೆ ನೀಲಿ ಹೊಗೆ. ಸ್ವಲ್ಪ ಏರು ಸಿಕ್ಕಿದರೂ ದಮ್ಮು ಹೋಗುತ್ತೆ. ಆಯಿಲ್ ಬೇರೆ ಕಡಿಮೆ ಆಗ್ತಾ ಇದೆ. ತೋರಿಸಿದ ಕಡೆ "ಬೋರ್ (ಪಿಸ್ಟನ್ ಓಡಾಡುವ ಸಿಲಿಂಡರಿನ ಒಳಗೋಡೆ) ಹೋಗಿದೆ, ಇದಕ್ಕೆ ಪಾರ್ಟ್ಸ್ ಸಿಗಲ್ಲ, ಗುಜರಿಗೆ ಹಾಕಿ" ಅಂದರು. ಫ್ರೇಮ್, ಬ್ರೇಕ್, ಗಾಲಿ ಎಲ್ಲ ಗಟ್ಟಿಮುಟ್ಟಾಗಿರುವಾಗ ಗುಜರಿಗೆ ಹಾಕೋಕೆ ಮನಸ್ಸು ಬರ್ತಿಲ್ಲ. ಯಾವ ಹೆಸರು ಹೇಳಿ ಪಾರ್ಟ್ಸ್ ಕೇಳಬೇಕು? ಇಡೀ ಇಂಜಿನ್ ಬದಲಾಯಿಸೋದೇ ವಾಸಿನಾ?

ಹಳೇಸ್ಪ್ಯಾನರ್:

ಸ್ಟಿಕ್ಕರ್ ಮರೆತುಬಿಡಿ. ಅದು ಗಾಡಿ ಮಾರಿದವರ ಹೆಸರು. ಇಂಜಿನ್ ಮಾಡಿದವರಿಗೂ ಅದಕ್ಕೂ ಎಷ್ಟೋ ಸಲ ಸಂಬಂಧವೇ ಇರಲ್ಲ. ಒಂದೇ ಇಂಜಿನ್ನು ಹತ್ತಾರು ಹೆಸರಿನ ಗಾಡಿಗಳಲ್ಲಿ ಕೂತಿರುತ್ತೆ. ಪಾರ್ಟ್ಸ್ ಕೇಳಬೇಕಾದ್ದು ಇಂಜಿನ್ ಕೋಡ್ ಹೇಳಿ.

ಕೋಡ್ ಕ್ರ್ಯಾಂಕ್‌ಕೇಸ್ (ಇಂಜಿನ್ನಿನ ಕೆಳಗಿನ ಪೆಟ್ಟಿಗೆ) ಮೇಲೇ ಅಚ್ಚು ಹೊಡೆದಿರುತ್ತೆ. ಸಾಮಾನ್ಯವಾಗಿ ಎಡಗಡೆ, ಕೆಳಗೆ, ಕೆಸರು ಜಾಸ್ತಿ ಮೆತ್ತಿಕೊಳ್ಳುವ ಜಾಗದಲ್ಲೇ. ಸೀಮೆಎಣ್ಣೆ ಹಚ್ಚಿ ಸ್ವಲ್ಪ ಹೊತ್ತು ಬಿಡಿ. ಹಿತ್ತಾಳೆ ಬ್ರಷ್‌ನಲ್ಲಿ ಉಜ್ಜಿ, ಒರೆಸಿ, ಒಣಗಿದ ಮೇಲೆ ಸೀಮೆಸುಣ್ಣ ಅಡ್ಡ ಹಿಡಿದು ತಿಕ್ಕಿ. ಅಕ್ಷರದ ಗುಳಿಗಳಲ್ಲಿ ಬಿಳಿ ನಿಂತು ಓದೋಕೆ ಬರುತ್ತೆ. ಟಾರ್ಚ್ ನೇರ ಬಿಡಬೇಡಿ, ಪಕ್ಕದಿಂದ ಬಿಡಿ.

ಇನ್ನೊಂದು, ಬಿಚ್ಚೋಕೆ ಮುಂಚೆ ಬೋರ್ ನಿಜವಾಗ್ಲೂ ಹೋಗಿದೆಯಾ ನೋಡಿಕೊಳ್ಳಿ. ಸ್ಪಾರ್ಕ್ ಪ್ಲಗ್ ತೆಗೆದು ಕಂಪ್ರೆಷನ್ ಗೇಜ್ (ಸಿಲಿಂಡರ್ ಒಳಗಿನ ಒತ್ತಡ ಅಳೆಯೋದು) ಹಾಕಿ ಅಳೆಯಿರಿ. ಆಮೇಲೆ ಪ್ಲಗ್ ತೂತಿನಿಂದ ಒಂದು ಚಮಚ ಇಂಜಿನ್ ಆಯಿಲ್ ಬಿಟ್ಟು ಮತ್ತೆ ಅಳೆಯಿರಿ. ಗೇಜಿನ ಅಂಕಿ ಚೆನ್ನಾಗಿ ಏರಿದರೆ ರಿಂಗ್ (ಪಿಸ್ಟನ್ ಸುತ್ತಲಿನ ಬಳೆ) ಅಥವಾ ಬೋರ್ ಸವೆದಿದೆ. ಏರದಿದ್ದರೆ ವಾಲ್ವ್ ಕಡೆ ನೋಡಿ. ರಾತ್ರಿ ನಿಂತ ಗಾಡಿ ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಮಾತ್ರ ಹೊಗೆ ಬಂದರೆ ಅದು ವಾಲ್ವ್ ಸೀಲ್ ಇರಬಹುದು, ಚಿಕ್ಕ ಖರ್ಚು. ನೀವು ಹೇಳೋದು ಕೇಳಿದರೆ ರಿಂಗ್ ಅನ್ನಿಸುತ್ತೆ, ಆದರೂ ಅನ್ನಿಸಿದ್ದಕ್ಕೆ ಇಂಜಿನ್ ಬಿಚ್ಚಬಾರದು.

ಕೆಸರುಗಾಲಿ:

ಸಿಕ್ತು ಸರ್! ಸೀಮೆಸುಣ್ಣದ ಉಪಾಯ ಸೂಪರ್. 1ಪಿ52ಎಫ್‌ಎಂಎಚ್ ಅಂತ ಇದೆ, ಅದರ ಕೆಳಗೆ ಉದ್ದದ ಸೀರಿಯಲ್ ನಂಬರ್. ಆಯಿಲ್ ಬಿಟ್ಟ ಮೇಲೆ ಕಂಪ್ರೆಷನ್ ಜೋರಾಗಿ ಏರಿತು. ಅಂದ್ರೆ ಬೋರೇ ಅಲ್ವಾ?

ಹಳೇಸ್ಪ್ಯಾನರ್:

ಹೌದು, ಬೋರೇ. ಆದರೆ ನಿಮ್ಮ ಅದೃಷ್ಟ ಚೆನ್ನಾಗಿದೆ. ಇದರಷ್ಟು ಸುಲಭವಾಗಿ ಪಾರ್ಟ್ಸ್ ಸಿಗುವ ಸಣ್ಣ ಇಂಜಿನ್ ಕಡಿಮೆ.

ಆ ಕೋಡ್ ಓದೋದು ಹೀಗೆ. 1 ಅಂದ್ರೆ ಒಂದೇ ಸಿಲಿಂಡರ್. ಪಿ ಅಂದ್ರೆ ಸಿಲಿಂಡರ್ ಮಲಗಿದೆ. 52 ಬೋರ್, ಅಂದ್ರೆ ಸಿಲಿಂಡರಿನ ಒಳ ಅಗಲ, ಮಿಲಿಮೀಟರಿನಲ್ಲಿ. ಎಫ್ ಅಂದ್ರೆ ಗಾಳಿಗೆ ತಣ್ಣಗಾಗುವುದು. ಎಂ ಮೋಟರ್‌ಸೈಕಲ್ ವರ್ಗ, ಎಚ್ 110 ಸಿಸಿ ವರ್ಗ. ಕೆಲವರು ಪಿ ಬಿಟ್ಟು 152ಎಫ್‌ಎಂಎಚ್ ಅಂತಲೂ ಬರೀತಾರೆ, ಎರಡೂ ಹೆಸರಲ್ಲಿ ಹುಡುಕಿ. ನಿಜವಾದ ಬೋರ್ 52.4, ಸ್ಟ್ರೋಕ್ (ಪಿಸ್ಟನ್ ಒಂದು ಸಲ ಚಲಿಸುವ ದೂರ) 49.5. ಲೆಕ್ಕ ಹಾಕಿದರೆ 107 ಸಿಸಿ ಕೂಡ ಆಗಲ್ಲ, 110 ಅನ್ನೋದು ಸುಮ್ನೆ ಮಾರೋಕೆ. ಹೋಂಡಾ ಕಬ್ ಬೈಕ್ ಸಾಲಿನ ಮಲಗಿದ ಇಂಜಿನ್ನಿನ ಜಾಡಿನಲ್ಲೇ ಚೀನಾದ ಎಷ್ಟೋ ಫ್ಯಾಕ್ಟರಿಗಳು ಇದನ್ನು ಮಾಡಿವೆ. ಅದಕ್ಕೇ ಪಿಟ್ ಬೈಕಿನವರು (ಕೆಸರಲ್ಲಿ ಓಡಿಸುವ ಪುಟ್ಟ ಬೈಕ್) ಬಳಸುವ ಬೋರ್ ಕಿಟ್ಟೂ (ಸಿಲಿಂಡರ್ ಬ್ಲಾಕ್, ಪಿಸ್ಟನ್, ರಿಂಗ್ ಸೇರಿದ ಸೆಟ್) ಇದಕ್ಕೆ ಕೂರುವ ಸಾಧ್ಯತೆ ಜಾಸ್ತಿ.

ಮೋಸ ಹೋಗೋದು ಇಲ್ಲಿ. 125 ಅಂತ ಮಾರುವ ಇಂಜಿನ್‌ಗಳಲ್ಲೂ 52.4 ಬೋರಿನದೇ ಒಂದಿದೆ, ಅದರ ಸ್ಟ್ರೋಕ್ 55.5. ಬೋರ್ ಒಂದೇ ಅಂತ ಅದರ ಕಿಟ್ ತರಿಸಿದರೆ ಬ್ಲಾಕ್ ಎತ್ತರ ತಾಳೆ ಆಗಲ್ಲ. ಹಾಗಾಗಿ ಹಳೇ ಬ್ಲಾಕ್ ಬಿಚ್ಚಿ ಅಳೆದ ಮೇಲೇ ಆರ್ಡರ್ ಮಾಡಿ. ವರ್ನಿಯರ್ ಇಟ್ಟು ಬ್ಲಾಕಿನ ಎತ್ತರ, ಸ್ಟಡ್ (ಉದ್ದ ಬೋಲ್ಟ್) ತೂತುಗಳ ನಡುವಿನ ದೂರ, ಕೇಸಿನೊಳಗೆ ಇಳಿಯುವ ಸಿಲಿಂಡರ್ ಸ್ಲೀವಿನ ಹೊರ ಅಳತೆ, ಪಿಸ್ಟನ್ ಪಿನ್ನಿನ ದಪ್ಪ ಬರೆದುಕೊಳ್ಳಿ. ಪಿನ್ ಬಹುಶಃ 13 ಮಿಲಿಮೀಟರ್ ಇರುತ್ತೆ, ಆದರೂ ಅಳೆಯಿರಿ. ಪಿನ್ ಮಧ್ಯದಿಂದ ಪಿಸ್ಟನ್ ತಲೆವರೆಗಿನ ಅಳತೆಯನ್ನೂ ಮಾರುವವರಿಂದ ಕೇಳಿ. "ಎಲ್ಲ 110ಕ್ಕೂ ಆಗುತ್ತೆ" ಅಂತ ಮಾತ್ರ ಹೇಳಿ, ಅಳತೆ ಕೇಳಿದಾಗ ಸುಮ್ಮನಾಗುವವರ ಹತ್ತಿರ ನಾನು ತಗೊಳ್ಳಲ್ಲ.

ಇಡೀ ಇಂಜಿನ್ ಬೇಡ. ನಿಮ್ಮದರಲ್ಲಿ ರಿವರ್ಸ್ ಗೇರ್ ಇದೆಯಾ?

ಕೆಸರುಗಾಲಿ:

ಇದೆ. ಕ್ಲಚ್ ಲಿವರ್ ಇಲ್ಲ, ಮುಂದಕ್ಕೊಂದು ಹಿಂದಕ್ಕೊಂದು ಅಷ್ಟೇ.

ಹಳೇಸ್ಪ್ಯಾನರ್:

ಹಾಗಾದರೆ ಖಂಡಿತ ಬೇಡ. ಬೈಕಿನ 110 ಇಂಜಿನ್ ತಂದರೆ ರಿವರ್ಸ್ ಇರಲ್ಲ, ಕ್ಲಚ್ ಬೇರೆ, ಸ್ಟಾರ್ಟರ್ ಮೋಟರ್ ಮೇಲಿದೆಯೋ ಕೆಳಗಿದೆಯೋ ಅದೂ ಬೇರೆ ಇರಬಹುದು. ಮೇಲಿನ ಅರ್ಧ, ಅಂದ್ರೆ ಹೆಡ್, ಬ್ಲಾಕ್, ಪಿಸ್ಟನ್ ಹೊರಗಿಂದ ಧೈರ್ಯವಾಗಿ ತರಬಹುದು. ಕ್ಲಚ್ಚು, ಗೇರು, ಕೇಸಿನ ಕವರ್ ಬೇಕಾದಾಗ ಮಾತ್ರ ನಿಮ್ಮದೇ ಥರದ, ರಿವರ್ಸ್ ಇರುವ ಇಂಜಿನ್ನಿನದೇ ಹುಡುಕಬೇಕು.

ಎರಡುಸ್ಟ್ರೋಕು:

ಮಧ್ಯೆ ತಲೆ ಹಾಕ್ತಿದ್ದೀನಿ, ಬೇಜಾರಾಗಬೇಡಿ. ನನ್ನ ಹತ್ತಿರ ಎರಡು ಸ್ಟ್ರೋಕಿನ ಕ್ವಾಡ್, ಸುಜುಕಿ ಎಲ್‌ಟಿ80 ಇದೆ. ಅದರಲ್ಲಿ ಇಂಥ ಕೋಡ್ ಏನೂ ಇಲ್ಲ. ಇದಕ್ಕೆ ಹೇಗೆ?

ಹಳೇಸ್ಪ್ಯಾನರ್:

ಅದು ಬೇರೆ ಲೋಕ. ಜಪಾನಿನ ಗಾಡಿಗೆ ಪಾರ್ಟ್ ನಂಬರ್ ಇರುತ್ತೆ, ಪಾರ್ಟ್ಸ್ ಪುಸ್ತಕದ ಚಿತ್ರ ನೋಡಿ ಆ ನಂಬರ್ ಹಿಡಿದು ಹೋಗಬೇಕು. ಹಳೇ ನಂಬರ್ ನಿಂತಿದ್ದರೆ ಅದರ ಬದಲಿಗೆ ಬಂದ ಹೊಸ ನಂಬರ್ ಇದೆಯಾ ಅಂತಲೂ ಕೇಳಿ. ನಿಮಗೊಂದು ಒಳದಾರಿ ಇದೆ: ಕವಾಸಾಕಿ ಕೆಎಫ್‌ಎಕ್ಸ್80 ಅಂತ 2003ರಿಂದ ಮಾರಿದ್ದು ಇದೇ ಎಲ್‌ಟಿ80, ಬಣ್ಣ ಬೇರೆ ಅಷ್ಟೇ. ಸುಜುಕಿ ಹೆಸರಲ್ಲಿ ಸಿಗದ ಇಂಜಿನ್ ಪಾರ್ಟನ್ನು ಆ ಹೆಸರಲ್ಲೂ ಹುಡುಕಿ. ಪಿಸ್ಟನ್ ಹಾಕಿಸುವಾಗ ಕ್ರ್ಯಾಂಕ್ ಸೀಲ್‌ಗಳನ್ನೂ ಹಾಕಿಸಿ. ಎರಡು ಸ್ಟ್ರೋಕಿನಲ್ಲಿ ಸೀಲ್ ಗಾಳಿ ಎಳೆದರೆ ಪೆಟ್ರೋಲ್-ಗಾಳಿ ಮಿಶ್ರಣ ತೆಳುವಾಗಿ ಹೊಸ ಪಿಸ್ಟನ್ನೂ ಜಾಮ್ ಆಗುತ್ತೆ.

ಕೆಸರುಗಾಲಿ:

ಬ್ಲಾಕ್ ಬಿಚ್ಚಿದೆ, ಬೋರಿನ ಒಂದು ಕಡೆ ಉದ್ದಕ್ಕೆ ಗೀರು ಬಿದ್ದಿದೆ, ಉಗುರಿಗೆ ಸಿಗುತ್ತೆ. ಅಳತೆಗಳೆಲ್ಲ ಕಿಟ್ ಮಾರುವವರು ಹೇಳಿದ್ದಕ್ಕೆ ತಾಳೆ ಆಗ್ತಿವೆ. ಆರ್ಡರ್ ಮಾಡ್ತಾ ಇದ್ದೀನಿ. ಹಾಕುವಾಗ ಏನು ನೋಡಿಕೊಳ್ಳಬೇಕು?

ಹಳೇಸ್ಪ್ಯಾನರ್:

ಉಗುರಿಗೆ ಸಿಕ್ಕಿದರೆ ಬರೀ ರಿಂಗ್ ಸಾಲದು, ಕಿಟ್ಟೇ ಸರಿ. ಹೆಡ್ ಗ್ಯಾಸ್ಕೆಟ್, ವಾಲ್ವ್ ಸೀಲ್ ಜೊತೆಗೇ ತರಿಸಿ.

ಬಂದ ತಕ್ಷಣ ಹೊಸ ಗ್ಯಾಸ್ಕೆಟ್ಟನ್ನು ಹಳೇದರ ಮೇಲಿಟ್ಟು ಆಯಿಲ್ ತೂತುಗಳು ಕೂರುತ್ತವಾ ನೋಡಿ. ರಿಂಗನ್ನು ಒಂಟಿಯಾಗಿ ಬೋರಿನೊಳಗೆ ಬಿಟ್ಟು, ಪಿಸ್ಟನ್ನಿನಿಂದ ನೆಟ್ಟಗೆ ತಳ್ಳಿ, ರಿಂಗಿನ ಬಾಯಿಯ ಸಂದಿಗೆ ಫೀಲರ್ ಗೇಜ್ (ಸಂದಿ ಅಳೆಯುವ ತೆಳು ತಗಡು) ಹಾಕಿ. ಈ ಸೈಜಿಗೆ 0.15ರಿಂದ 0.30 ಮಿಲಿಮೀಟರ್ ಒಳಗಿದ್ದರೆ ನಿಶ್ಚಿಂತೆ. ರಿಂಗಿನ ಅಚ್ಚು ಅಕ್ಷರ ಮೇಲ್ಗಡೆಗೆ. ಬಾಯಿಗಳು ಒಂದೇ ಸಾಲಿಗೆ ಬರಬಾರದು, ಸುತ್ತ ಹಂಚಿ. ಪಿಸ್ಟನ್ ಮೇಲೆ ಐಎನ್ (IN) ಗುರುತಿದ್ದರೆ ಅದು ಕಾರ್ಬುರೇಟರ್ ಕಡೆಗೆ. ಪಿನ್ನಿನ ಸರ್ಕ್ಲಿಪ್ (ಪಿನ್ ಜಾರದಂತೆ ಹಿಡಿಯುವ ಸ್ಪ್ರಿಂಗ್ ತಂತಿ) ಹಾಕುವ ಮುಂಚೆ ಕ್ರ್ಯಾಂಕ್‌ಕೇಸ್ ಬಾಯಿಗೆ ಶುಭ್ರವಾದ ಬಟ್ಟೆ ತುರುಕಿ, ಚಿಮ್ಮಿದರೆ ಒಳಗೇ ಹೋಗೋದು. ಹಳೇ ಸರ್ಕ್ಲಿಪ್ ಮತ್ತೆ ಹಾಕಬೇಡಿ.

ಆಯಿಲ್ ಬದಲಾಯಿಸಿ, ಕೆಳಗಿನ ಜಾಲರಿಯನ್ನೂ ತೊಳೀರಿ. ಆ ಗೀರಿನ ಪುಡಿ ಎಲ್ಲ ಅಲ್ಲೇ ಕೂತಿರುತ್ತೆ.