ಅಂಬಾಸಿಡರ್: ಹಿಂದೆ ಡಿಸ್ಕ್ ಹಾಕಿಸಿದ ಮೇಲೆ ಮೊದಲ ತುಳಿತಕ್ಕೆ ಪೆಡಲ್ ಇಳಿದುಹೋಗ್ತಿದೆ

ಮಾರ್ಕ್‌ಟೂ_ಹಾಸನ
ಗಾಡಿ ಮಾರ್ಕ್ 2. ಮುಂದಿನ ಡಿಸ್ಕ್, ರಿಮೋಟ್ ಬೂಸ್ಟರ್ (ಪೆಡಲ್‌ನಿಂದ ದೂರ ಕೂತು ಬ್ರೇಕ್ ಒತ್ತಡ ಹೆಚ್ಚಿಸುವ ಭಾಗ) ಮೊದಲೇ ಆಗಿತ್ತು. ಈಗ ಹಿಂದಿನ ಡ್ರಮ್ ತೆಗೆಸಿ, ಹ್ಯಾಂಡ್‌ಬ್ರೇಕ್ ಲಿವರ್ ಇರುವ ಕ್ಯಾಲಿಪರ್ (ಪಿಸ್ಟನ್‌ನಿಂದ ಪ್ಯಾಡನ್ನು ಡಿಸ್ಕ್‌ಗೆ ಒತ್ತುವ ಭಾಗ) ಕೂರಿಸಿದ್ದೇನೆ. ಪೆಡಲ್ ತುಳಿದಾಗ ಬ್ರೇಕ್ ಆಯಿಲ್ ತಳ್ಳುವ ಮಾಸ್ಟರ್ ಸಿಲಿಂಡರ್ ಹಳೇ ಜಾಗದಲ್ಲೇ, ಡ್ರೈವರ್ ಕಾಲಡಿ. ಅದರೊಳಗಿನ, ಲೈನ್‌ನಲ್ಲಿ ಸ್ವಲ್ಪ ಒತ್ತಡ ಉಳಿಸುವ ಚೆಕ್ ವಾಲ್ವ್ ತೆಗೆದಿದ್ದಾರೆ. ರಾತ್ರಿ ನಿಲ್ಲಿಸಿ ಬೆಳಿಗ್ಗೆ ತುಳಿದರೆ ಪೆಡಲ್ ನೆಲದ ಹತ್ತಿರ ಹೋಗುತ್ತೆ, ಎರಡನೇ ತುಳಿತಕ್ಕೆ ಸರಿ. ಒದ್ದೆ ರಸ್ತೆಯಲ್ಲಿ ಹಿಂದಿನ ಚಕ್ರ ಮೊದಲು ಲಾಕ್ ಆಗುತ್ತೆ. ಇಳಿಜಾರಲ್ಲಿ ಹ್ಯಾಂಡ್‌ಬ್ರೇಕ್ ಹಿಡಿಯಲ್ಲ. ಆಯಿಲ್ ಎಲ್ಲೂ ಸೋರಿಲ್ಲ.

ಸ್ಪ್ಯಾನರ್_ಮೈಸೂರು
ಸರ್, ನಿಮ್ಮ ಮಾಸ್ಟರ್ ಕ್ಯಾಲಿಪರ್‌ಗಿಂತ ಕೆಳಗಿದೆ. ಗಾಡಿ ನಿಂತಾಗ ಆಯಿಲ್ ಮೆಲ್ಲಗೆ ವಾಪಸ್ ಇಳಿದು ಪಿಸ್ಟನ್ ಹಿಂದೆ ಸರಿಯುತ್ತೆ. ಬೂಸ್ಟರ್ ದಾಟಿದ ಮೇಲೆ ಲೈನ್‌ನಲ್ಲಿ 2 ಪಿಎಸ್‌ಐ ರೆಸಿಡ್ಯುಯಲ್ ವಾಲ್ವ್ ಹಾಕಿಸಿ, ಅದು ಲೈನ್‌ನಲ್ಲಿ ಅಷ್ಟು ಒತ್ತಡ ಉಳಿಸುತ್ತೆ. ಅಂಗಡಿಯವರು 10 ಪಿಎಸ್‌ಐದು ಕೊಟ್ಟರೆ ಬೇಡ, ಅದು ಡ್ರಮ್‌ಗೆ. ಡಿಸ್ಕ್‌ಗೆ ಹಾಕಿದರೆ ಪ್ಯಾಡ್ ಉಜ್ಜುತ್ತಲೇ ಇದ್ದು ಡಿಸ್ಕ್ ಕಾಯುತ್ತೆ.

ಹೊಂಡದ ರಸ್ತೆ ದಾಟಿದ ಕೂಡಲೇ ಪೆಡಲ್ ಇಳಿದರೆ ಕಾರಣ ಬೇರೆ. ಆಕ್ಸಲ್ ಶಾಫ್ಟ್ ಒಳಹೊರಗೆ ಆಡ್ತಿದೆ, ಇಲ್ಲಾ ಡಿಸ್ಕ್ ವಾಲಿದೆ, ಅದೇ ಪ್ಯಾಡನ್ನು ಹಿಂದಕ್ಕೆ ತಳ್ಳುತ್ತೆ. ಡಯಲ್ ಗೇಜ್ ಇಟ್ಟು ನೋಡಿ, ಡಿಸ್ಕ್‌ನ ವಾಲು 0.1 ಮಿ.ಮೀ. ದಾಟಬಾರದು. ಎರಡನೇ ತುಳಿತವೂ ಸ್ಪಂಜಿನ ಹಾಗಿದ್ದರೆ ಒಳಗೆ ಗಾಳಿ ಇದೆ. ಕ್ಯಾಲಿಪರ್ ಎಡಬಲ ಅದಲುಬದಲಾದರೆ ಗಾಳಿ ಹೊರಬಿಡುವ ಬ್ಲೀಡ್ ನಿಪ್ಪಲ್ ಕೆಳಗಾಗುತ್ತೆ, ಎಷ್ಟು ಬ್ಲೀಡ್ ಮಾಡಿದರೂ ಮೇಲಿನ ಗಾಳಿ ಬರಲ್ಲ.

ಹ್ಯಾಂಡ್‌ಬ್ರೇಕ್ ವಿಷಯದಲ್ಲಿ ಬಹುತೇಕರು ಕೇಬಲ್ ಬಿಗಿ ಮಾಡ್ತಾರೆ, ಅಲ್ಲೇ ಕೆಡೋದು. ಕ್ಯಾಲಿಪರ್ ಲಿವರ್ ತನ್ನ ಸ್ಟಾಪ್‌ಗೆ ಪೂರ್ತಿ ವಾಪಸ್ ಬರದಿದ್ದರೆ ಪ್ಯಾಡ್ ಸವೆದಂತೆ ಅಂತರ ಸರಿಮಾಡುವ ಒಳಗಿನ ಸೆಲ್ಫ್ ಅಡ್ಜಸ್ಟರ್ ಕೆಲಸ ಮಾಡಲ್ಲ. ಕೇಬಲ್ ಪೂರ್ತಿ ಸಡಿಲ ಮಾಡಿ, ಎಂಜಿನ್ ಓಡ್ತಿರುವಾಗ ಪೆಡಲ್ 15–20 ಸಲ ತುಳಿದು, ಆಮೇಲೆ ಕೇಬಲ್‌ನ ಸಡಿಲಷ್ಟೇ ತೆಗೆಯಿರಿ. ಪ್ಯಾಡ್ ಬದಲಿಸುವಾಗ ಈ ಪಿಸ್ಟನ್ನನ್ನು ಸಿ-ಕ್ಲ್ಯಾಂಪ್‌ನಲ್ಲಿ ಒತ್ತಬೇಡಿ, ತಿರುಗಿಸಿಯೇ ಒಳಗೆ ಕಳಿಸಬೇಕು. ಪ್ಯಾಡ್ ಬೆನ್ನಲ್ಲಿ ಮೊಳೆ ಇದ್ದರೆ ಅದು ಪಿಸ್ಟನ್‌ನ ಕಚ್ಚಿನೊಳಗೆ ಕೂರಬೇಕು.

ಗ್ರೀಸ್‌ಗನ್
ಹಿಂದಿನ ಲಾಕ್ ಅಪಾಯ, ಗಾಡಿ ಗಿರಕಿ ಹೊಡೆಯುತ್ತೆ. ಹಿಂದಿನ ಲೈನಿಗೆ ಅಡ್ಜಸ್ಟ್ ಮಾಡಬಹುದಾದ ಪ್ರಪೋರ್ಷನಿಂಗ್ ವಾಲ್ವ್ (ಹಿಂದಿನ ಬ್ರೇಕ್ ಒತ್ತಡ ತಗ್ಗಿಸುವ ವಾಲ್ವ್) ಹಾಕಿ, ಖಾಲಿ ಮೈದಾನದಲ್ಲಿ ಮುಂದಿನ ಚಕ್ರ ಮೊದಲು ಲಾಕ್ ಆಗುವವರೆಗೆ ಹಿಂದಿನ ಒತ್ತಡ ಇಳಿಸುತ್ತಾ ಬನ್ನಿ. ಮೊದಲು ಪಿಸ್ಟನ್ ಅಳತೆ ನೋಡಿ. 34 ಮಿ.ಮೀ. ಬದಲು 38 ಇದ್ದರೆ ಬಲ ಸುಮಾರು 25% ಜಾಸ್ತಿ, ಪೆಡಲ್ ಇಳಿತವೂ ಜಾಸ್ತಿ.

ಸ್ಪ್ಯಾನರ್_ಮೈಸೂರು
ಹೌದು, ಪಿಸ್ಟನ್ ದೊಡ್ಡದಿದ್ದರೆ ವಾಲ್ವ್ ಬರೀ ತೇಪೆ. ಕ್ಯಾಲಿಪರ್ರೇ ಬದಲಿಸಿ.

ಹಳೇಕಬ್ಬಿಣ
ಪೈಪ್ ನಟ್ ಯಾರಾದರೂ ನೋಡಿದ್ರಾ? ಹಳೇ ಲೈನ್ ಇಂಚಿನ ಥ್ರೆಡ್‌ನ 3/8 ಯುಎನ್‌ಎಫ್, ಹೊಸ ಕ್ಯಾಲಿಪರ್ ಸಾಮಾನ್ಯವಾಗಿ ಮಿ.ಮೀ. ಥ್ರೆಡ್‌ನ ಎಂ10×1. ಆ ನಟ್ ಈ ರಂಧ್ರಕ್ಕೆ ಸಡಿಲವಾಗಿ ಕೂತೇಬಿಡುತ್ತೆ, ಜೋರಾಗಿ ತುಳಿದ ದಿನ ಕಿತ್ಕೊಂಡು ಬರುತ್ತೆ. ನಿಮ್ಮದು ಸಿಂಗಲ್ ಸರ್ಕ್ಯೂಟ್ (ಎಲ್ಲ ಚಕ್ರಕ್ಕೂ ಒಂದೇ ಆಯಿಲ್ ಲೈನ್) ಆಗಿದ್ದರೆ ಆಗ ನಾಲ್ಕು ಚಕ್ರಕ್ಕೂ ಬ್ರೇಕ್ ಇಲ್ಲ. ಹಿಂದಿನ ಡಿಸ್ಕ್‌ಗೆ ಸುರಿದ ದುಡ್ಡು ಮೊದಲು ಎರಡು ಪ್ರತ್ಯೇಕ ಲೈನ್ ಇರುವ ಟ್ಯಾಂಡಮ್ ಮಾಸ್ಟರ್‌ಗೆ ಹೋಗಬೇಕಿತ್ತು ಅನ್ನೋದು ನನ್ನ ಲೆಕ್ಕ. ಸರಿಯಾಗಿ ಅಡ್ಜಸ್ಟ್ ಮಾಡಿದ ಹಿಂದಿನ ಡ್ರಮ್ ಈ ಗಾಡಿಗೆ ಸಾಕಿತ್ತು.