ತೌಕ್ತೆ, ಯಾಸ್, ಗುಲಾಬ್: ಚಂಡಮಾರುತಗಳಿಗೆ ಈ ಹೆಸರು ಇಡೋದು ಯಾರು?

ಪ್ರಶ್ನೆ: ನಾವು ಮಲ್ಪೆಯವರು, ಮನೆಯಲ್ಲಿ ಮೀನುಗಾರಿಕೆ. 2021ರ ಮೇ ತಿಂಗಳಲ್ಲಿ ತೌಕ್ತೆ ಬಂದಾಗ ದೋಣಿಗಳೆಲ್ಲ ದಡದಲ್ಲೇ ಇದ್ದವು. ಅದೇ ತಿಂಗಳು ಒಡಿಶಾ ಕಡೆ ಯಾಸ್ ಬಂತು. ಈ ಹೆಸರುಗಳನ್ನು ಯಾರು ಆರಿಸುತ್ತಾರೆ? ಬಿರುಗಾಳಿ ಎದ್ದ ಮೇಲೆ ಯೋಚಿಸುತ್ತಾರಾ?

ಉತ್ತರ 1: ಇಲ್ಲ, ಪಟ್ಟಿ ಮೊದಲೇ ಸಿದ್ಧವಿರುತ್ತದೆ. ಅರಬ್ಬಿ ಸಮುದ್ರ, ಬಂಗಾಳ ಕೊಲ್ಲಿ ಎರಡಕ್ಕೂ ದೆಹಲಿಯ ಹವಾಮಾನ ಇಲಾಖೆಯೇ ಹೆಸರು ಘೋಷಿಸುತ್ತದೆ. ಆದರೆ ಹೆಸರು ಕೊಡೋದು 13 ದೇಶಗಳು. ಒಂದೊಂದು ದೇಶ 13 ಹೆಸರು, ಒಟ್ಟು 169. ಈ ಪಟ್ಟಿ ಬಂದಿದ್ದು 2020ರಲ್ಲಿ. ದೇಶಗಳ ಇಂಗ್ಲಿಷ್ ಅಕ್ಷರ ಕ್ರಮದಲ್ಲಿ ಸರದಿ ಬರುತ್ತದೆ. ಮ್ಯಾನ್ಮಾರ್ ಕೊಟ್ಟ ತೌಕ್ತೆ ಆದ ಮೇಲೆ ಒಮಾನ್ ಕೊಟ್ಟ ಯಾಸ್, ಆಮೇಲೆ ಪಾಕಿಸ್ತಾನದ ಗುಲಾಬ್.

ಉತ್ತರ 2: ಸುಮ್ನೆ ಮಳೆಗಾಳಿ ಬಂದರೆ ಹೆಸರು ಸಿಗಲ್ಲ. ಗಾಳಿ ಗಂಟೆಗೆ ಸುಮಾರು 62 ಕಿಲೋಮೀಟರ್ ದಾಟಬೇಕು. ಹೆಸರು ಚಿಕ್ಕದಿರಬೇಕು, ಯಾರ ಮನಸ್ಸಿಗೂ ನೋವಾಗಬಾರದು. ಇಲ್ಲಿ ಒಮ್ಮೆ ಬಳಸಿದ ಹೆಸರು ಮತ್ತೆ ಬರಲ್ಲ. ಅಟ್ಲಾಂಟಿಕ್‌ನಲ್ಲಿ ಬೇರೆ ಪದ್ಧತಿ: ಆರು ಪಟ್ಟಿಗಳು ಆರು ವರ್ಷಕ್ಕೊಮ್ಮೆ ತಿರುಗಿ ಬರುತ್ತವೆ. ಜಾಸ್ತಿ ಸಾವುನೋವು ತಂದ ಹೆಸರನ್ನು ಮಾತ್ರ ತೆಗೆದುಹಾಕುತ್ತಾರೆ. 2005ರ ಕತ್ರಿನಾ ಹಾಗೇ ಹೋಯಿತು.

ಪ್ರಶ್ನೆ ಕೇಳಿದವರು: ತುಂಬಾ ಉಪಕಾರ. ಹೆಸರಿದ್ದರೆ ನಮಗೆ ನಿಜಕ್ಕೂ ಅನುಕೂಲ. ಒಂದೇ ಹೊತ್ತಿಗೆ ಎರಡು ಎದ್ದರೆ, ಎಚ್ಚರಿಕೆ ಯಾವುದರದ್ದು ಅಂತ ರೇಡಿಯೋ ಕೇಳಿದ ಕೂಡಲೇ ತಿಳಿಯಬೇಕು, ಅಲ್ವಾ? ಭಾರತ ಕೊಟ್ಟ ಹೆಸರುಗಳು ಯಾವುವು?

ಉತ್ತರ 1: ಗತಿ 2020ರಲ್ಲಿ, ತೇಜ್ 2023ರಲ್ಲಿ ಬಳಕೆಯಾದವು. ಪಟ್ಟಿಯಲ್ಲಿ ನೀರ್, ಜಲಧಿ, ವೇಗ ಕೂಡ ಇವೆ.