ಬೆಳಗ್ಗೆ ಆರಕ್ಕೇ ಬರೋ ಪಾರ್ಸೆಲ್: ಮಾದಾಪುರ ಕಡೆಯವರು ದಾರಿ ಹೇಳಿ

ಎಲ್ಲರಿಗೂ ನಮಸ್ಕಾರ. ನಮ್ಮ ಮನೆ ಮಾದಾಪುರದಿಂದ ಒಳಗೆ, ಕಾಫಿ ತೋಟದ ಮಧ್ಯೆ. ಆನ್‌ಲೈನಲ್ಲಿ ಏನೇ ತರಿಸಿದ್ರೂ ಕೊರಿಯರ್ ಹುಡುಗ ಬೆಳಗ್ಗೆ ಆರಕ್ಕೇ ಬಂದು ಗೇಟ್ ಹತ್ರ ಹಾರನ್ ಹೊಡೀತಾನೆ. ಆ ಹೊತ್ತಿಗೆ ನಾಯಿಗಳನ್ನ ಇನ್ನೂ ಕಟ್ಟಿರಲ್ಲ (ಹಂದಿ ಕಾಟ, ರಾತ್ರಿ ಬಿಡಲೇಬೇಕು). ಅವನು ಒಳಗೆ ಬರಲ್ಲ, ಬರದೇ ಇರೋದೇ ಒಳ್ಳೇದು. ಫೋನಿಗೆ ಸಿಗ್ನಲ್ ಸಿಗೋದು ಅಂಗಳದ ಒಂದು ಮೂಲೇಲಿ ಮಾತ್ರ. ಅಮ್ಮ ಮಂಡಿನೋವಲ್ಲಿ ಕೊಡೆ ಹಿಡ್ಕೊಂಡು ಏರು ಹತ್ತೋದ್ರೊಳಗೆ ‘ಕಸ್ಟಮರ್ ನಾಟ್ ಅವೈಲಬಲ್’ ಅಂತ ಹಾಕಿ ಹೋಗಿರ್ತಾನೆ. ಇಲ್ಲಾಂದ್ರೆ ಗೇಟ್ ಕಂಬದ ಮೇಲೆ ಇಟ್ಟು ಹೋಗ್ತಾನೆ. ಮೊನ್ನೆ ಅಪ್ಪನ ಶುಗರ್ ನೋಡೋ ಸ್ಟ್ರಿಪ್ ಡಬ್ಬಿ ಮಳೇಲಿ ನೆಂದು, ರಟ್ಟು ಕೈಗೆ ಮೆತ್ಕೊಂಡು ಬಂತು. ತುಂಬಾ ಬೇಜಾರಾಯ್ತು.

ಹುಡುಗನ ಮೇಲೆ ಕೋಪ ಇಲ್ಲ. ಲೋಡ್ ರಾತ್ರೀನೇ ಬರುತ್ತಂತೆ, ಅವನಿಗೆ ನಮ್ಮ ರೂಟೇ ಮೊದಲು. ಆ್ಯಪಲ್ಲಿ ‘ಒಂಬತ್ತರ ಮೇಲೆ ಬನ್ನಿ’ ಅಂತ ಬರೆದೆ, ಕಸ್ಟಮರ್ ಕೇರಿಗೂ ಹೇಳ್ದೆ, ವಿಳಾಸಾನ ಆಫೀಸ್ ಅಂತ ಬದಲಾಯಿಸ್ದೆ. ಏನೂ ಆಗ್ಲಿಲ್ಲ. 2020ರ ಇ-ಕಾಮರ್ಸ್ ನಿಯಮದಲ್ಲಿ ದೂರು ತಲುಪಿದೆ ಅಂತ 48 ಗಂಟೇಲಿ ತಿಳಿಸ್ಬೇಕು, ಒಂದು ತಿಂಗಳಲ್ಲಿ ಪರಿಹರಿಸ್ಬೇಕು ಅಂತಿದೆ. ಗ್ರಾಹಕ ಸಹಾಯವಾಣಿ 1915 ಕೂಡ ಇದೆ. ಆದ್ರೆ ಆ ಹುಡುಗನ ಕೆಲಸಕ್ಕೆ ಕುತ್ತು ಬರೋದು ನಂಗೆ ಬೇಡ.

ಈಗ ಪೇಟೇಲಿ ಪರಿಚಯದವರ ಅಂಗಡಿ ವಿಳಾಸ ಕೊಡೋಣ ಅಂತಿದೀನಿ. ನಾನು ಸಿಕ್ಕಾಕೊಂಡಿರೋದು ಒಟಿಪಿ ವಿಷಯದಲ್ಲಿ. ವಿಳಾಸದ ಜೊತೆ ಅಂಗಡಿಯವರ ನಂಬರ್ ಹಾಕಿದ್ರೆ ಒಟಿಪಿ ಅವರಿಗೇ ಹೋಗುತ್ತಾ, ಇಲ್ಲಾ ಸಿಗ್ನಲ್ ಇಲ್ಲದ ನನ್ನ ಫೋನಿಗೇ ಬರುತ್ತಾ? ಹೀಗೆ ತರಿಸ್ಕೊಂಡು ಅಭ್ಯಾಸ ಇರೋರು ದಯವಿಟ್ಟು ಹೇಳಿ.